ದೂರಪ್ರಯಾಣದ ಮೋಟಾರು ಸೈಕಲ್ಲು: ಹೆಚ್ಚಿನ ಬೆಲೆ ಸಾರ್ಥಕವೆ?

ಗೃಹಸ್ಥನು ಕೊಳ್ಳುವ ಪದಾರ್ಥಗಳಲ್ಲಿ ಎರಡು ಬಗೆಗಳುಂಟು. ಅಕ್ಕಿ, ಬೇಳೆ, ಎಣ್ಣೆಗಳನ್ನು ಕೊಳ್ಳುವಾಗ ಬೆಲೆ ನಾಲ್ಕು ರೂಪಾಯಿ ಏರಿದ್ದರೆ ಗೊಣಗಿಕೊಂಡು ಕೊಟ್ಟುಬಿಡುತ್ತೇವೆ. ಒಡವೆ, ಹಸು, ವಾಹನ ಇವುಗಳ ಮಾತು ಬೇರೆ. ಇವನ್ನು ಕೊಳ್ಳುವವನು ಒಬ್ಬ; ಆದರೆ ಕೊಂಡುದರ ಸುಖವಾಗಲಿ ಭಾರವಾಗಲಿ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆ ಹಂಚಿಕೆ ಸಮನಾಗಿ ನಡೆಯುವುದು ಅಪರೂಪ. ಈ ವಿಷಯವಾಗಿ ನಮ್ಮ ಮನೆಯಲ್ಲಿ ನಡೆದ ಒಂದು ಚರ್ಚೆಯನ್ನು ವಾಚಕರ ಮುಂದಿಡುತ್ತೇನೆ. ಇಂತಹ ಚರ್ಚೆ ಈಗ ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ ಯಾರಿಗಾದರೂ ಉಪಯೋಗವಾದೀತು.

ನಮ್ಮದು ಸಾಲಿಗ್ರಾಮ. ನನ್ನ ತಮ್ಮನ ಮಗ ಕೃಷ್ಣರಾಜನಗರದಲ್ಲಿ ಉದ್ಯೋಗಸ್ಥ. ದಿನವೂ ಹೋಗಿಬರುವುದಕ್ಕೆ ಸುಮಾರು ೪೫ ಕಿಲೋಮೀಟರು ದಾರಿ. ಅವನ ಹಳೆಯ ವಾಹನ ಸವೆದುಹೋಗಿತ್ತು. ಹೊಸದು ಬೇಕೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ೨೦೨೫ರ ದಸರೆ ಕಳೆದ ಮೇಲೆ ಒಂದು ಭಾನುವಾರ ಅವನು ಎರಡು ಚೀಟಿಗಳನ್ನು ತಂದು ನಡುಮನೆಯಲ್ಲಿಟ್ಟನು. ಒಂದು, ೧೨೫ ಸಿ.ಸಿ.ಯ ಸಾಧಾರಣ ಮೋಟಾರು ಸೈಕಲ್ಲಿನದು: ತೆರಿಗೆ, ವಿಮೆ, ನೋಂದಣಿ ಎಲ್ಲವೂ ಸೇರಿ ೧,೨೦,೦೦೦ ರೂಪಾಯಿ. ಮತ್ತೊಂದು, ೪೫೦ ಸಿ.ಸಿ.ಯಷ್ಟು ಶಕ್ತಿಯ ದೂರಪ್ರಯಾಣದ ವಾಹನದ್ದು: ಎಲ್ಲ ಸೇರಿ ೩,೮೦,೦೦೦. ನಡುವಣ ೨,೬೦,೦೦೦ ರೂಪಾಯಿಯನ್ನು ಬ್ಯಾಂಕಿನಲ್ಲಿ ಸಾಲ ಪಡೆಯುವುದಾಗಿ ಅವನ ವಿಚಾರ. ತಂಗಿಯ ಓದಿನ ಶುಲ್ಕವನ್ನು ಕಟ್ಟುತ್ತಿರುವವನೂ ಅವನೇ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ದೂರಪ್ರಯಾಣದ ವಾಹನವೆಂದರೇನೆಂದು ತಿಳಿಯದ ವಾಚಕರಿಗಾಗಿ ಒಂದು ಮಾತು. ಇವುಗಳಲ್ಲಿ ನಮ್ಮ ದೇಶದಲ್ಲಿ ಹೆಸರಾದುದು ರಾಯಲ್ ಎನ್‌ಫೀಲ್ಡ್ ಕಂಪೆನಿಯವರ ಹಿಮಾಲಯನ್. ೨೦೧೬ರಲ್ಲಿ ಅದು ೪೧೧ ಸಿ.ಸಿ.ಯದಾಗಿ ಬಂದಿತು, ೨೦೨೩ರ ನವೆಂಬರಿನಲ್ಲಿ ೪೫೨ ಸಿ.ಸಿ.ಯ ಹೊಸ ಯಂತ್ರದೊಡನೆ ಪುನಃ ಬಂದಿತು. ಅದರ ತೂಕ ೧೯೬ ಕಿಲೋಗ್ರಾಂ; ಸವಾರನ ಆಸನ ನೆಲದಿಂದ ೮೨೫ ಮಿಲಿಮೀಟರು ಎತ್ತರ; ಪೆಟ್ರೋಲಿನ ತೊಟ್ಟಿ ೧೭ ಲೀಟರಿನದು. ಇಂತಹ ವಾಹನದಲ್ಲಿ ಎದುರುಗಾಳಿಯನ್ನು ತಡೆಯುವ ಗಾಜಿನ ಮರೆ, ಹಳ್ಳಕೊಳ್ಳಗಳನ್ನು ನುಂಗಿಕೊಳ್ಳುವ ಉದ್ದನೆಯ ಶಾಕ್ ಅಬ್ಸಾರ್ಬರುಗಳು, ಗಂಟುಮೂಟೆ ಕಟ್ಟಲು ಕಂಬಿಗಳು ಇರುತ್ತವೆ. ಒಂದೇ ದಿನ ಮುನ್ನೂರು ಕಿಲೋಮೀಟರು ಓಡಿಸಿದರೂ ಸೊಂಟ ಹಿಡಿಯುವುದಿಲ್ಲ. ಲಾರಿಯನ್ನು ದಾಟಬೇಕಾದಾಗ ಯಂತ್ರದಲ್ಲಿ ಶಕ್ತಿ ಉಳಿದಿರುತ್ತದೆ. ಇವೆಲ್ಲ ನಿಜವಾದ ಗುಣಗಳೇ. ಬರಿಯ ಬೆಡಗೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಬೆಲೆಯ ಏಣಿಯಲ್ಲಿ ಕೆಲವು ಮೆಟ್ಟಿಲುಗಳು ಸರಕಾರ ಇಟ್ಟವು. ೨೦೨೫ರ ಸೆಪ್ಟೆಂಬರ್ ೨೨ರಿಂದ ೩೫೦ ಸಿ.ಸಿ.ಯವರೆಗಿನ ಮೋಟಾರು ಸೈಕಲ್ಲುಗಳ ಮೇಲಣ ಜಿ.ಎಸ್.ಟಿ. ನೂರಕ್ಕೆ ೨೮ರಿಂದ ೧೮ಕ್ಕೆ ಇಳಿಯಿತು. ಅದಕ್ಕೆ ಮೀರಿದವುಗಳ ಮೇಲೆ ನೂರಕ್ಕೆ ೪೦ ಆಯಿತು. ವಿಮೆಯಲ್ಲಿಯೂ ಹಾಗೆಯೇ. ೨೦೧೮ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಪರರಿಗಾಗುವ ಹಾನಿಯ ವಿಮೆಯನ್ನು ಐದು ವರ್ಷಕ್ಕೆ ಒಟ್ಟಾಗಿಯೇ ಕಟ್ಟಬೇಕು. ೨೦೨೨ರಲ್ಲಿ ಗೊತ್ತುಮಾಡಿದ ದರದಂತೆ ೭೫ರಿಂದ ೧೫೦ ಸಿ.ಸಿ.ಯವರೆಗೆ ೩,೮೫೧ ರೂಪಾಯಿ, ೩೫೦ರವರೆಗೆ ೭,೩೬೫, ಅದಕ್ಕೆ ಮೇಲ್ಪಟ್ಟರೆ ೧೫,೧೧೭. ಆದುದರಿಂದ ೩೫೦ರ ಗೆರೆಯನ್ನು ದಾಟುವವನು ಯಂತ್ರಕ್ಕೆ ಮಾತ್ರವಲ್ಲ, ಗೆರೆ ದಾಟಿದುದಕ್ಕೂ ಹಣ ಕೊಡುತ್ತಾನೆ.

ನಾನು ಹಳೆಯ ಲೆಕ್ಕದ ಪುಸ್ತಕವೊಂದನ್ನು ತೆಗೆದುಕೊಂಡು ಹುಡುಗನನ್ನು ಎದುರಿಗೆ ಕೂರಿಸಿಕೊಂಡೆ. "ವರ್ಷದಲ್ಲಿ ಕಚೇರಿಗೆ ಎಷ್ಟು ದಿನ ಹೋಗುತ್ತೀಯಪ್ಪ? ಪ್ರವಾಸಕ್ಕೆ ಎಷ್ಟು ದಿನ?" ಎಂದು ಕೇಳಿದೆ. ಕಚೇರಿಗೆ ೨೫೦ ದಿನ. ಪ್ರವಾಸಕ್ಕೆ, ರಜೆ ದೊರೆತರೆ, ೧೦ ದಿನ ಎಂದನು. ಐದು ವರ್ಷದ ಲೆಕ್ಕ ಹೀಗೆ ಬಂದಿತು.

ಕೊಳ್ಳುವ ಬೆಲೆಯ ವ್ಯತ್ಯಾಸ ೨,೬೦,೦೦೦. ನೂರಕ್ಕೆ ೧೧ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಕಂತು ಕಟ್ಟಿದರೆ ಬಡ್ಡಿಯೇ ಸುಮಾರು ೭೯,೦೦೦. ಕಚೇರಿಯ ದಾರಿ ವರ್ಷಕ್ಕೆ ೧೧,೨೫೦ ಕಿಲೋಮೀಟರು. ಚಿಕ್ಕ ವಾಹನ ಲೀಟರಿಗೆ ೫೦, ದೊಡ್ಡದು ೨೮ ಓಡುವುದೆಂದೂ ಪೆಟ್ರೋಲಿಗೆ ನೂರು ರೂಪಾಯಿಯೆಂದೂ ಹಿಡಿದರೆ, ಐದು ವರ್ಷಕ್ಕೆ ಹೆಚ್ಚಿಗೆ ೮೮,೫೦೦. ಟೈರು, ಸರ್ವೀಸು ಮೊದಲಾದವುಗಳಿಗೆ ಹೆಚ್ಚಿಗೆ ೪೦,೦೦೦ ಎಂದು ಅಂದಾಜು. ಕೊನೆಗೆ ಮಾರುವಾಗ ದೊಡ್ಡದಕ್ಕೆ ೧,೧೦,೦೦೦ ಹೆಚ್ಚು ಬರಬಹುದೆಂದು ಕಳೆದರೂ ಉಳಿಯುವುದು ೩,೫೭,೫೦೦ ರೂಪಾಯಿ. ಐದು ವರ್ಷದ ಪ್ರವಾಸದ ದಿನಗಳು ೫೦. ಎಂದರೆ ಪ್ರವಾಸದ ಒಂದೊಂದು ದಿನಕ್ಕೆ ೭,೧೫೦ ರೂಪಾಯಿ ಹೆಚ್ಚುವರಿ! ಮೈಸೂರಿನಲ್ಲಿ ಇಂತಹ ವಾಹನಗಳು ದಿನದ ಬಾಡಿಗೆಗೇ ದೊರೆಯುತ್ತವೆ.

ಇನ್ನೊಂದು ಅಂಶವನ್ನೂ ಹೇಳಿದೆ. ವಾಹನ ದೊಡ್ಡದಾದ ಮಾತ್ರಕ್ಕೆ ದಾರಿ ದೊಡ್ಡದಾಗುವುದಿಲ್ಲ. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ೨೦೨೩ರ ಆಗಸ್ಟ್ ೧ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶ ತಪ್ಪಿತು, ನಾನೂರೈವತ್ತು ಸಿ.ಸಿ.ಯದೂ ನೂರು ಸಿ.ಸಿ.ಯದೂ ಪಕ್ಕದ ರಸ್ತೆಯಲ್ಲಿಯೇ ಜೊತೆಯಾಗಿ ಹೋಗಬೇಕು. ಎಚ್.ಡಿ. ಕೋಟೆಯಿಂದ ಬಾವಲಿಯ ಮೇಲೆ ಮಾನಂದವಾಡಿಗೆ ಹೋಗುವ ಕಾಡುದಾರಿ ಸಂಜೆ ೬ರಿಂದ ಬೆಳಿಗ್ಗೆ ೬ರವರೆಗೆ ಮುಚ್ಚಿರುತ್ತದೆ.

ಹುಡುಗನು ಲೆಕ್ಕವನ್ನೆಲ್ಲ ಶಾಂತವಾಗಿ ನೋಡಿ, "ದೊಡ್ಡಪ್ಪ, ನಿಮ್ಮ ಲೆಕ್ಕದಲ್ಲಿ ಸಂತೋಷಕ್ಕೆ ಕಾಲಮ್ಮೇ ಇಲ್ಲವಲ್ಲ!" ಎಂದನು. ಆಮೇಲೆ ಹಿತ್ತಿಲ ಕೊಟ್ಟಿಗೆಯ ಕಡೆಗೆ ನೋಡಿ, "ಅದನ್ನು ಕೊಂಡಾಗ ನೀವು ಯಾವ ಲೆಕ್ಕ ಹಾಕಿದಿರಿ?" ಎಂದು ಕೇಳಿದನು.

ಕೊಟ್ಟಿಗೆಯಲ್ಲಿ ನನ್ನ ಯೆಜ್ಡಿ ರೋಡ್‌ಕಿಂಗ್ ನಿಂತಿದೆ.

ಮೈಸೂರು ಸೀಮೆಯವರಿಗೆ ಆ ಹೆಸರನ್ನು ಪರಿಚಯಿಸಬೇಕಾದುದಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ೧೯೬೧ರಿಂದ ಐಡಿಯಲ್ ಜಾವಾ ಕಾರ್ಖಾನೆ ಚೆಕ್ ದೇಶದ ಮಾದರಿಯ ಜಾವಾ ಮೋಟಾರು ಸೈಕಲ್ಲುಗಳನ್ನು ತಯಾರಿಸಿತು. ೧೯೭೩ರಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಟವು. ೧೯೭೮ರಲ್ಲಿ ರೋಡ್‌ಕಿಂಗ್ ಬಂದಿತು. ೨೫೦ ಸಿ.ಸಿ., ಎರಡು ಸೈಲೆನ್ಸರು, ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು. ಕಿಕ್ ಹೊಡೆಯುವ ಸನ್ನೆಯೇ ಗೇರಿನ ಸನ್ನೆಯೂ ಹೌದು. ೧೯೮೬ರಲ್ಲಿ ನಾನು ಅದನ್ನು ಕೊಂಡಾಗ ನೂರು ಸಿ.ಸಿ.ಯ ಮಿತವ್ಯಯದ ವಾಹನಗಳು ಬಂದಾಗಿದ್ದವು. ೧೯೮೪ರಲ್ಲಿ ಹೊಸೂರಿನ ಇಂಡ್-ಸುಜುಕಿ, ೧೯೮೫ರಲ್ಲಿ ಹೀರೋ ಹೋಂಡಾ. ನನ್ನ ತಂದೆಯವರು ಅವೆರಡನ್ನೂ ಬೇಡವೆಂದು, ನೆಂಟರೊಬ್ಬರು ಮಾರುತ್ತಿದ್ದ ಹಳೆಯ ಸ್ಕೂಟರನ್ನು ಸೂಚಿಸಿದರು. ನನಗೆ ರೋಡ್‌ಕಿಂಗೇ ಆಗಬೇಕಾಗಿತ್ತು. ತಂದೆಯವರು ಹೆಚ್ಚು ವಾದಿಸುವವರಲ್ಲ. ಆ ವರ್ಷದ ಭತ್ತದ ಹಣವನ್ನು ಎಣಿಸಿ ಕೈಗಿಟ್ಟರು.

ಹತ್ತು ವರ್ಷಗಳಲ್ಲಿ ನಾನು ಮಾಡಿದ ಪ್ರವಾಸಗಳು ಎಂಟು. ತಲಕಾವೇರಿಯ ಮಂಜು, ಚಿಕ್ಕಮಗಳೂರಿನ ಘಟ್ಟ, ಪಿರಿಯಾಪಟ್ಟಣ ದಾಟಿದ ಮೇಲೆ ಮಳೆಯಲ್ಲಿ ನೆನೆದು ಚಹದ ಅಂಗಡಿಯೊಂದರಲ್ಲಿ ಕಳೆದ ರಾತ್ರಿ, ಎಂಟೂ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಲೀಟರಿಗೆ ಮೂವತ್ತು ಕಿಲೋಮೀಟರು ಓಡಿದರೆ ಹೆಮ್ಮೆಪಡುತ್ತಿದ್ದೆ. ಇಂತಹ ವಾಹನವನ್ನು ಕೊಂಡುದು ತಪ್ಪೆಂದು ಹೇಳುವುದಕ್ಕೆ ನನಗೆ ನಾಲಿಗೆ ಬರಲಿಲ್ಲ. ಹುಡುಗನ ಮಾತು ನಿಜ. ಸಂತೋಷಕ್ಕೂ ಒಂದು ಕಾಲಮ್ಮು ಬೇಕು. ಪುಸ್ತಕದಲ್ಲಿ ಗೆರೆ ಎಳೆದು ಹಾಗೆಂದು ಬರೆದೆ.

ಆಗ ಒಳಗಿನಿಂದ ನನ್ನ ತಂಗಿ, "ಹಾಗಾದರೆ ಅಮ್ಮನ ಪಾತ್ರೆಗಳನ್ನೂ ಬರೆದುಕೋ ಅಣ್ಣಯ್ಯ" ಎಂದಳು.

ಆ ಮಾತನ್ನು ನಾನು ಸುಮಾರು ನಲವತ್ತು ವರ್ಷ ಯಾರಿಂದಲೂ ಕೇಳಿರಲಿಲ್ಲ. ೧೯೮೬ರ ಭತ್ತದ ಹಣ ಮನೆಯ ಹೆಂಚು ಹೊದಿಸುವುದಕ್ಕೆಂದು ಇಟ್ಟದ್ದು. ಅದು ವಾಹನಕ್ಕೆ ಹೋಯಿತು. ಹೆಂಚಿನ ಕೆಲಸ ಮುಂದಕ್ಕೆ ಹೋಯಿತು. ಎರಡು ಮಳೆಗಾಲ ನಡುಮನೆ ಸೋರಿತು. ಸೋರುವೆಡೆಗಳಲ್ಲಿ ತಪ್ಪಲೆ, ಬೋಗುಣಿ, ಕೊಡಗಳನ್ನಿಟ್ಟು, ತುಂಬಿದವುಗಳನ್ನು ನಡುರಾತ್ರಿ ಎದ್ದು ಚೆಲ್ಲುತ್ತಿದ್ದವಳು ನನ್ನ ತಾಯಿ. ಅವಳು ಒಂದು ದಿನವೂ ವಾಹನದ ಮಾತೆತ್ತಲಿಲ್ಲ. ನಾನು ಹೊರಡುವಾಗ ಬುತ್ತಿ ಕಟ್ಟಿಕೊಡುತ್ತಿದ್ದಳು.

ವಾಚಕರೇ, ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಹೆಚ್ಚಿನ ಬೆಲೆ ಸಾರ್ಥಕವೆ ಎಂದು ಕೇಳುವಾಗ ನಾವು ಸವಾರನ ಸುಖವನ್ನೂ ಸವಾರನ ಹಣವನ್ನೂ ತೂಗಿ ನೋಡುತ್ತೇವೆ. ಆ ಬೆಲೆಯನ್ನು ನಿಜವಾಗಿ ತೆರುವವರು ಯಾರು, ಅವರನ್ನು ಕೇಳಿದೆವೆ ಎಂಬುದನ್ನು ಮರೆಯುತ್ತೇವೆ. ಸವಾರನೇ ತೆರುವುದಾದರೆ, ಸಾಲವಿಲ್ಲದೆ ತೆರುವುದಾದರೆ, ತಿಂಗಳಿಗೆರಡು ಸಲ ದೂರದ ದಾರಿ ಹಿಡಿಯುವವನಾದರೆ, ಅಂತಹವನು ದೊಡ್ಡ ವಾಹನವನ್ನು ಧಾರಾಳವಾಗಿ ಕೊಳ್ಳಲಿ. ಅವನಿಗೆ ಅದು ದುಂದಲ್ಲ. ಚಿಕ್ಕ ವಾಹನದಲ್ಲಿ ದಿನವೆಲ್ಲ ನಡುಗಿಕೊಂಡು ದಣಿಯುವುದೇ ಅವನಿಗೆ ಅಪಾಯ. ಬೇರೊಬ್ಬರು ಬಾಯಿಬಿಡದೆ ತೆರುವುದಾದರೆ ಮಾತ್ರ ಲೆಕ್ಕವನ್ನು ಇನ್ನೊಮ್ಮೆ ಮಾಡಬೇಕು.

ಮಾರನೆಯ ಭಾನುವಾರ ಹುಡುಗನು ತನ್ನ ತಾಯಿಯನ್ನು ಅಂಗಡಿಗೆ ಕರೆದುಕೊಂಡು ಹೋದನು. ಕೃಷ್ಣರಾಜನಗರದ ಆಸ್ಪತ್ರೆಗೂ ಚುಂಚನಕಟ್ಟೆಯ ಕೋದಂಡರಾಮನ ಗುಡಿಗೂ ಅವಳು ಮಗನ ಹಿಂದೆ ಕುಳಿತೇ ಹೋಗುವವಳು. ಹಿಂಬದಿಯ ಸವಾರರಿಗೆ ಹಿಡಿಯಲು ಕಂಬಿ, ಕಾಲಿಡಲು ಮೆಟ್ಟು, ಸೆರಗು ಚಕ್ರಕ್ಕೆ ಸಿಕ್ಕದಂತೆ ತಡೆ ಇರಬೇಕೆಂದು ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಅವು ಆ ದೊಡ್ಡ ವಾಹನಕ್ಕೂ ಇದ್ದವು. ಆದರೆ ಸೀರೆಯುಟ್ಟವಳಿಗೆ ಅಷ್ಟೆತ್ತರದ ಆಸನವನ್ನು ಏರುವುದಾಗಲಿಲ್ಲ. ಎರಡು ಸಲ ಪ್ರಯತ್ನಿಸಿ, ನಕ್ಕು, "ಇದು ನಿನಗಾಯಿತಪ್ಪ, ನಾನು ಬಸ್ಸಿನಲ್ಲಿ ಹೋಗುತ್ತೇನೆ" ಎಂದಳಂತೆ. ಅವನು ಆ ದಿನ ಯಾವುದನ್ನೂ ಕೊಳ್ಳದೆ ಹಿಂದಿರುಗಿದನು.

ಆಮೇಲೆ ಅವನೇ ಒಂದು ಉಪಾಯ ಮಾಡಿದನು. ಮೈಸೂರಿನಲ್ಲಿ ಅದೇ ಬಗೆಯ ವಾಹನವನ್ನು ಮೂರು ದಿನಕ್ಕೆ ಬಾಡಿಗೆ ಹಿಡಿದು ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರಗಳ ಮೇಲೆ ಮಡಿಕೇರಿಗೂ ತಲಕಾವೇರಿಗೂ ಹೋಗಿಬಂದನು. ಬಂದವನು, "ದೊಡ್ಡಪ್ಪ, ವಾಹನ ಬಹಳ ಚೆನ್ನಾಗಿದೆ. ನಿಮ್ಮ ಲೆಕ್ಕವೂ ಸರಿಯಾಗಿದೆ. ಎರಡೂ ನಿಜವಾಗಿರುವುದೇ ಕಷ್ಟ" ಎಂದನು. ನಾನು ಏನೂ ಹೇಳಲಿಲ್ಲ. ತೀರ್ಮಾನ ಅವನದಾಗಿಯೇ ಇರಬೇಕೆಂದು ನನ್ನ ಅಭಿಪ್ರಾಯ.

ಕೊನೆಗೆ ಅವನು ಆರಿಸಿದುದು ನಡುವಣ ದಾರಿ. ೩೫೦ರ ಗೆರೆಗೆ ಬಹಳ ಕೆಳಗಿನ, ಆಸನ ತಗ್ಗಾದ, ಎರಡು ಚಕ್ರಗಳಿಗೂ ಎ.ಬಿ.ಎಸ್. ಉಳ್ಳ ವಾಹನ. ಎ.ಬಿ.ಎಸ್. ಎಂದರೆ ಗಟ್ಟಿಯಾಗಿ ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಏರ್ಪಾಟು. ಮಳೆಗಾಲದ ಕೆಸರಿನಲ್ಲಿ, ಕಬ್ಬಿನ ಗಾಡಿಗಳ ನಡುವೆ ದಿನವೂ ಓಡಾಡುವವನಿಗೆ ಇದಕ್ಕೆ ಕೊಡುವ ಹೆಚ್ಚಿನ ಬೆಲೆ ೨೫೦ ದಿನವೂ ಫಲಕೊಡುತ್ತದೆ. ಎಲ್ಲ ಸೇರಿ ೧,೭೦,೦೦೦ ಆಯಿತು; ಸಾಲ ಬೇಕಾಗಲಿಲ್ಲ. ಉಳಿತಾಯದಲ್ಲಿ ಎರಡು ಒಳ್ಳೆಯ ಹೆಲ್ಮೆಟ್ಟುಗಳನ್ನು ಕೊಂಡನು, ಒಂದು ತನಗೆ, ಇನ್ನೊಂದು ತಾಯಿಗೆ. ತಂಗಿಯ ಶುಲ್ಕದ ಹಣ ಇದ್ದಲ್ಲಿಯೇ ಇದೆ. ವರ್ಷಕ್ಕೆ ಒಂದು ಸಲ ದೊಡ್ಡ ವಾಹನವನ್ನು ಬಾಡಿಗೆಗೆ ಹಿಡಿಯುವುದೆಂದೂ ಅವನು ನಿಶ್ಚಯಿಸಿದ್ದಾನೆ. ಅದಕ್ಕೆ ನಾವಾರೂ ಅಡ್ಡಿ ಹೇಳಲಿಲ್ಲ.

ನನ್ನ ರೋಡ್‌ಕಿಂಗನ್ನು ಮಾಡಿದ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ಆದರೂ ಮೈಸೂರಿನಲ್ಲಿ ಅದನ್ನು ರಿಪೇರಿ ಮಾಡಬಲ್ಲ ಕೈಗಳು ಇನ್ನೂ ಇವೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಅಭಿಮಾನಿಗಳು ಹಳೆಯ ವಾಹನಗಳನ್ನು ತೊಳೆದು ತಂದು ಕೂಡುತ್ತಾರೆ. ನಾನೂ ಹೋಗುವುದುಂಟು. ಅಲ್ಲಿ ನಿಂತಾಗಲೆಲ್ಲ ಸಂತೋಷವೇ ಆಗುತ್ತದೆ. ಈಗ ಅದರೊಡನೆ ತಪ್ಪಲೆಗೆ ನೀರು ತೊಟ್ಟಿಕ್ಕುವ ಸದ್ದೂ ಕೇಳುತ್ತದೆ.

ಲೆಕ್ಕದ ಪುಸ್ತಕದಲ್ಲಿ ನಾನು ಗೆರೆ ಎಳೆದ ಸಂತೋಷದ ಕಾಲಮ್ಮನ್ನು ಹುಡುಗನಿಗೇ ಬಿಟ್ಟುಕೊಟ್ಟಿದ್ದೆ. ಮೊನ್ನೆ ತೆರೆದು ನೋಡಿದರೆ ಮೊದಲನೆಯ ಸಾಲಿನಲ್ಲಿ ಅವನ ಕೈಬರಹ: "ಚುಂಚನಕಟ್ಟೆ. ಅಮ್ಮನೊಡನೆ."