ಭಾಗೀರಥಿಯನ್ನು ತಡೆಯುವವರು ಯಾರು? ಬಾಲರ ಅದ್ಭುತಕಥೆಗಳ ದೈವಶಾಸ್ತ್ರೀಯ ಅವಲೋಕನ

ಜಗಳೂರು ಸೀಮೆಯ ಒಂದು ಧರ್ಮೋಪದೇಶ ತರಗತಿಯಲ್ಲಿ, ತಪಸ್ಸುಕಾಲದ ಒಂದು ಭಾನುವಾರ, ನಾವು ‘ಕೆರೆಗೆ ಹಾರ’ದ ಕಥೆಯನ್ನು ಮಕ್ಕಳಿಗೆ ಹೇಳಿದೆವು. ಕಟ್ಟಿಸಿದ ಕೆರೆಗೆ ನೀರು ಬಾರದಿದ್ದಾಗ ಮಲ್ಲನಗೌಡನ ಕಿರಿಯ ಸೊಸೆ ಭಾಗೀರಥಿಯು ಬಲಿಯಾದ ಬಗೆಯನ್ನು ವಿವರಿಸಿ, ಊರಿಗಾಗಿ ಪ್ರಾಣಕೊಟ್ಟ ಅವಳಂತೆಯೇ ಕ್ರಿಸ್ತರೂ ನಮಗಾಗಿ ಪ್ರಾಣಕೊಟ್ಟರೆಂದು ಪಾಠವನ್ನು ಮುಗಿಸಿದೆವು. ಆಗ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಫಾದರ್, ಅವಳನ್ನ ಕೆರೆಗೆ ಕಳಿಸಬೇಡಿ ಅಂತ ಒಬ್ಬರೂ ಹೇಳಲಿಲ್ವಾ?” ಎಂದು ಕೇಳಿದಳು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ನಾವು ಕಥೆಯಿಂದ ನೀತಿಯನ್ನು ಹಿಂಡಿ ತೆಗೆದಿದ್ದೆವು. ಅವಳು ಕಥೆಯೊಳಗೇ ನಿಂತಿದ್ದಳು. ಈ ಲೇಖನವು ಆ ಪ್ರಶ್ನೆಯ ಋಣವನ್ನು ತೀರಿಸುವ ಪ್ರಯತ್ನ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳಲ್ಲಿ ಮಕ್ಕಳ ಮುಂದೆ ನಿಲ್ಲುವ ಗುರುವಾಗಲಿ ಗುರು ಅಭ್ಯರ್ಥಿಯಾಗಲಿ ಬರಿಯ ಮನಸ್ಸುಗಳನ್ನು ಎದುರಿಸುವುದಿಲ್ಲ. ಚನ್ನಗಿರಿಯ ಮಗುವಿಗೆ ಸೂಳೆಕೆರೆಯನ್ನು ಕಟ್ಟಿಸಿದಳೆಂದು ಜನ ಹೇಳುವ ಶಾಂತವ್ವೆಯ ಐತಿಹ್ಯ ಗೊತ್ತು. ನ್ಯಾಮತಿ ತಾಲೂಕಿನ ತಾಂಡಾದ ಮಗುವು ಸೂರಗೊಂಡನಕೊಪ್ಪದ ಸಂತ ಸೇವಾಲಾಲರ ಪವಾಡಗಳನ್ನು ಕೇಳುತ್ತ ಬೆಳೆದಿರುತ್ತದೆ. ಶಾಲೆಯಲ್ಲಿ ಪುಣ್ಯಕೋಟಿಯ ಹಾಡನ್ನು ಕಲಿತಿರುತ್ತದೆ. ಮೊಬೈಲಿನ ಪರದೆಯ ಮೇಲೆ ಹ್ಯಾರಿ ಪಾಟರನನ್ನೂ ಕಂಡಿರಬಹುದು. ಇವೆಲ್ಲದರ ಬಗ್ಗೆ ನಮ್ಮಲ್ಲಿ ಎರಡು ಧೋರಣೆಗಳು ರೂಢಿಯಲ್ಲಿವೆ. ಇವು ಸುಳ್ಳು ಅಥವಾ ಮಾಟ, ಆದ್ದರಿಂದ ದೂರವಿಡಬೇಕೆಂಬುದು ಒಂದು. ಇವು ಸಿಹಿ ಲೇಪಿಸಿದ ಗುಳಿಗೆಗಳು, ಒಳಗಿನ ನೀತಿಯನ್ನು ಬಳಸಿಕೊಂಡರೆ ಸಾಕೆಂಬುದು ಇನ್ನೊಂದು. ಇವೆರಡೂ ಸಾಲವೆಂಬುದೇ ನಮ್ಮ ವಾದ.

ಕಟ್ಟುಕಥೆ ಸುಳ್ಳೇ?

ಮೊದಲ ಆಕ್ಷೇಪಕ್ಕೆ ಧರ್ಮಸಭೆಯ ಪಿತೃಗಳಲ್ಲಿಯೇ ಉತ್ತರವಿದೆ. ಲೂಕನ ಶುಭಸಂದೇಶದ 24ನೆಯ ಅಧ್ಯಾಯದಲ್ಲಿ, ಎಮ್ಮಾವಿನ ಬಳಿ ಪುನರುತ್ಥಾನಿ ಕ್ರಿಸ್ತರು ಇನ್ನೂ ಮುಂದಕ್ಕೆ ಹೋಗುವವರಂತೆ ತೋರಿಸಿಕೊಂಡರು. ಸತ್ಯವೇ ಆಗಿರುವವರು ಇಲ್ಲದ್ದನ್ನು ನಟಿಸಬಹುದೇ? ಶುಭಸಂದೇಶಗಳ ಕುರಿತ ತಮ್ಮ ಪ್ರಶ್ನೋತ್ತರ ಗ್ರಂಥದಲ್ಲಿ ಸಂತ ಅಗಸ್ಟೀನರು ಇದನ್ನು ಚರ್ಚಿಸಿ, ನಾವು ಕಲ್ಪಿಸಿದ್ದೆಲ್ಲವೂ ಸುಳ್ಳಾಗುವುದಿಲ್ಲವೆಂದು ನಿರ್ಣಯಿಸುತ್ತಾರೆ. ಏನನ್ನೂ ಸೂಚಿಸದ ಕಲ್ಪನೆ ಸುಳ್ಳು. ಒಂದು ಅರ್ಥದತ್ತ ಕೈತೋರುವ ಕಲ್ಪನೆ ಸತ್ಯದ ರೂಪಕ. ಸಂತ ಥಾಮಸ್ ಅಕ್ವಿನಾಸರು ಈ ಮಾತನ್ನು ಒಪ್ಪಿ ಉದ್ಧರಿಸಿದ್ದಾರೆ. ‘ಸುಮ್ಮಾ’ ಗ್ರಂಥದ ಮೊದಲನೆಯ ಪ್ರಶ್ನೆಯಲ್ಲಿಯೇ, ಇಂದ್ರಿಯಗೋಚರವಾದುದರ ಮೂಲಕ ಬುದ್ಧಿಗೋಚರವಾದುದಕ್ಕೆ ಏರುವುದು ಮಾನವ ಸಹಜವಾದ್ದರಿಂದ ಪವಿತ್ರಗ್ರಂಥವು ರೂಪಕಗಳನ್ನು ಬಳಸುವುದು ಯುಕ್ತವೆಂದೂ ಅವರು ತೋರಿಸುತ್ತಾರೆ.

ಪವಿತ್ರಗ್ರಂಥದ ರೂಢಿಯೂ ಹಾಗೆಯೇ ಇದೆ. ನ್ಯಾಯಸ್ಥಾಪಕರ ಗ್ರಂಥದ 9ನೆಯ ಅಧ್ಯಾಯದಲ್ಲಿ ಮರಗಳು ತಮಗೊಬ್ಬ ಅರಸನನ್ನು ಹುಡುಕುತ್ತ ಮಾತನಾಡುತ್ತವೆ. ತೋಬಿತನ ಗ್ರಂಥದಲ್ಲಿ ಒಬ್ಬ ಯುವಕ, ಒಬ್ಬ ವೇಷಧಾರಿ ದೇವದೂತ, ಒಂದು ಮೀನು, ಜೊತೆಗೆ ನಡೆಯುವ ಒಂದು ನಾಯಿ ಇವೆ. ಪ್ರವಾದಿ ನಾತಾನನು ದಾವೀದನ ಬಳಿಗೆ ಬಂದು ಆಜ್ಞೆಯನ್ನು ಓದಿ ಹೇಳಲಿಲ್ಲ. ಬಡವನ ಹೆಣ್ಣು ಕುರಿಮರಿಯ ಕಥೆ ಹೇಳಿದನು. ಕಥೆಯೊಳಗಿನ ಅನ್ಯಾಯಕ್ಕೆ ಸಿಟ್ಟಾದ ಮೇಲೆಯೇ ಅರಸನಿಗೆ ತನ್ನ ಅನ್ಯಾಯ ಕಂಡದ್ದು. ಕಥೆಯು ಉಪದೇಶದ ಅಲಂಕಾರವಾಗದೆ ಮನಸ್ಸಾಕ್ಷಿಯ ಬಾಗಿಲಾಯಿತು.

ಉಪಸೃಷ್ಟಿ: ಬದಲಾಗುವುದೇನು, ಬದಲಾಗದಿರುವುದೇನು?

ಆಧುನಿಕ ಅದ್ಭುತಕಥೆಗಳ ಹಿಂದಿನ ವಿಚಾರವನ್ನು ಸ್ಪಷ್ಟವಾಗಿ ರೂಪಿಸಿದವರಲ್ಲಿ ಮುಖ್ಯರು ಕಥೋಲಿಕರಾದ ಜೆ. ಆರ್. ಆರ್. ಟೋಲ್ಕಿನ್. ‘ಹಾಬಿಟ್’ 1937ರಲ್ಲಿ ಪ್ರಕಟವಾದ ಬಳಿಕ, 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಅವರು ಕಿನ್ನರ ಕಥೆಗಳ ಕುರಿತು ಉಪನ್ಯಾಸ ನೀಡಿದರು. ಮನುಷ್ಯನು ಸೃಷ್ಟಿಕರ್ತನ ಪ್ರತಿರೂಪದಲ್ಲಿ ಉಂಟಾದವನು. ಆದ್ದರಿಂದ ಅವನೂ ಲೋಕಗಳನ್ನು ಕಟ್ಟುತ್ತಾನೆ. ಆದರೆ ಶೂನ್ಯದಿಂದ ಕಟ್ಟಲಾರ, ತನಗೆ ದೊರೆತ ಸೃಷ್ಟಿಯ ಸಾಮಗ್ರಿಯಿಂದ ಕಟ್ಟುತ್ತಾನೆ. ಇದನ್ನು ಅವರು ‘ಉಪಸೃಷ್ಟಿ’ ಎನ್ನುವ ಅರ್ಥದ ಪದದಿಂದ ಕರೆದರು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಬೇರೂರಿದ ಈ ವಿಚಾರದ ಪ್ರಕಾರ ಕಲ್ಪನೆಯು ದೇವರಿಗೆ ಪೈಪೋಟಿಯಲ್ಲ, ಅವರ ದಾನದ ವಿನಿಯೋಗ.

ಇಂತಹ ಲೋಕಕ್ಕೆ ನಿಯಮವಿಲ್ಲವೇ? ಸ್ಕಾಟ್ಲೆಂಡಿನ ಬೋಧಕ ಹಾಗೂ ಕಥೆಗಾರ ಜಾರ್ಜ್ ಮ್ಯಾಕ್‌ಡೊನಾಲ್ಡರು 1893ರ ಪ್ರಬಂಧವೊಂದರಲ್ಲಿ ಇದಕ್ಕೆ ಉತ್ತರಿಸಿದ್ದಾರೆ. ಕಥೆಗಾರನು ಪ್ರಕೃತಿಯ ನಿಯಮಗಳನ್ನು ಬದಲಿಸಬಹುದು. ನೈತಿಕ ನಿಯಮವನ್ನು ತಲೆಕೆಳಗು ಮಾಡಲಾರ. ಇದರ ಸತ್ಯವು ನಮ್ಮ ನಾಡಿನ ಮಕ್ಕಳಿಗೆ ಆಗಲೇ ತಿಳಿದಿದೆ. ಗೋವಿನ ಹಾಡಿನಲ್ಲಿ ಹಸುವೂ ಹುಲಿಯೂ ಮಾತನಾಡುತ್ತವೆ. ಯಾವ ಮಗುವೂ ಅದನ್ನು ಪ್ರಶ್ನಿಸುವುದಿಲ್ಲ. ಆದರೆ ಕೊಟ್ಟ ಮಾತನ್ನು ಪುಣ್ಯಕೋಟಿ ಮುರಿದಿದ್ದರೆ ಅದೇ ಮಗು ಪ್ರತಿಭಟಿಸುತ್ತಿತ್ತು. ಬ್ರೌನಿಂಗನ ಕವಿತೆಯಿಂದ ಕುವೆಂಪು ಅವರು ಕನ್ನಡಕ್ಕೆ ತಂದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿಯೂ ಹಾಗೆಯೇ. ಕಿಂದರಿಯ ನಾದಕ್ಕೆ ಇಲಿಗಳು ಹಿಂಬಾಲಿಸುವುದು ಅಸಂಭವ. ಆಡಿದ ಮಾತಿಗೆ ತಪ್ಪಿದ ಊರು ಅದರ ಬೆಲೆ ತೆರುವುದು ಮಾತ್ರ ಸಂಭವಕ್ಕಿಂತ ಹೆಚ್ಚಿನದು, ನ್ಯಾಯ.

ಜಿ. ಕೆ. ಚೆಸ್ಟರ್ಟನ್ 1908ರ ತಮ್ಮ ‘ಆರ್ಥೊಡಾಕ್ಸಿ’ ಗ್ರಂಥದಲ್ಲಿ ಇನ್ನೊಂದು ಮಾತನ್ನು ಸೇರಿಸಿದರು. ಅದ್ಭುತಕಥೆಯು ನಿಜಲೋಕವನ್ನು ಮರೆಸುವುದಿಲ್ಲ. ಲೋಕವು ಹೀಗೆಯೇ ಇರಬೇಕಾಗಿರಲಿಲ್ಲವೆಂದು ನೆನಪಿಸಿ ಅದರ ಬಗ್ಗೆ ಬೆರಗನ್ನು ಮರಳಿ ಕೊಡುತ್ತದೆ. ಜಗಳೂರು ತಾಲೂಕಿನ ರಂಗಯ್ಯನದುರ್ಗ ಅಭಯಾರಣ್ಯದಲ್ಲಿ ಕೊಂಡುಕುರಿ ಇದೆ. ಅದರ ಗಂಡಿಗೆ ನಾಲ್ಕು ಕೊಂಬು. ನಾಲ್ಕು ಕೊಂಬಿನ ಜಿಂಕೆಯೆಂದು ಹೊರಗಿನ ಮಗುವಿಗೆ ಹೇಳಿದರೆ ಅದು ಅಜ್ಜಿಕಥೆಯೆಂದೇ ಭಾವಿಸೀತು. ಅಜ್ಜಿಕಥೆಯಿಂದ ಬೆರಗುಗೊಳ್ಳಲು ಕಲಿತ ಕಣ್ಣು ಆ ಕುರುಚಲು ಕಾಡನ್ನು ದೇವರ ಕೈಕೆಲಸವಾಗಿ ಕಾಣಬಲ್ಲದು. ಸೃಷ್ಟಿಯ ಕುರಿತ ನಮ್ಮ ದೈವಶಾಸ್ತ್ರ ಪಾಠವು ಇಂತಹ ಕಣ್ಣನ್ನು ನಂಬಿಯೇ ಆರಂಭವಾಗಬೇಕು.

ಮಾಟದ ಪ್ರಶ್ನೆ

ಕಥೆಗಳಲ್ಲಿ ಮಂತ್ರವಾದವಿದೆಯಲ್ಲ ಎಂಬ ಪಾಲಕರ ಆತಂಕವನ್ನು ಹಗುರವಾಗಿ ತಳ್ಳಿಹಾಕಬಾರದು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2116 ಮತ್ತು 2117ನೆಯ ಪರಿಚ್ಛೇದಗಳಲ್ಲಿ ಕಣಿ ಕೇಳುವುದನ್ನೂ ಮಾಟವನ್ನೂ ಖಂಡಿಸುತ್ತದೆ. ಅದರ ಕಾರಣವನ್ನು ಗಮನಿಸಬೇಕು: ಗುಪ್ತಶಕ್ತಿಗಳನ್ನು ಪಳಗಿಸಿ ಕಾಲದ ಮೇಲೆ, ಇತರರ ಮೇಲೆ ಅಧಿಕಾರ ಸಾಧಿಸುವ ಆಸೆ ಅಲ್ಲಿದೆ. ಹಾಗಾದರೆ ಕಥೆಗೆ ಕೇಳಬೇಕಾದದ್ದು ಅದರಲ್ಲಿ ಮಂತ್ರದಂಡವಿದೆಯೇ ಎಂಬುದಲ್ಲ. ಶಕ್ತಿಯನ್ನು ಅದು ಹೇಗೆ ಕಾಣುತ್ತದೆ ಎಂಬುದು. ‘ಲಾರ್ಡ್ ಆಫ್ ದ ರಿಂಗ್ಸ್’ನಲ್ಲಿ (1954–55) ಸರ್ವಾಧಿಕಾರ ನೀಡುವ ಉಂಗುರವನ್ನು ಬಳಸುವವನು ನಾಯಕನಲ್ಲ, ಅದನ್ನು ನಾಶಮಾಡಲು ಹೊರಡುವವನು ನಾಯಕ. ಕೊನೆಯ ಗಳಿಗೆಯಲ್ಲಿ ಫ್ರೋಡೊವಿನ ಸಂಕಲ್ಪವೂ ಸೋಲುತ್ತದೆ. ಹಿಂದೆ ಗೊಲ್ಲಮ್‌ಗೆ ತೋರಿದ ದಯೆಯೇ ಲೋಕವನ್ನು ಉಳಿಸುತ್ತದೆ. ಉಂಗುರ ನಾಶವಾದ ದಿನವನ್ನು ಟೋಲ್ಕಿನ್ ಮಾರ್ಚ್ 25 ಎಂದು ಗುರುತಿಸಿದ್ದಾರೆ. ಅದು ಮಂಗಳವಾರ್ತೆಯ ಹಬ್ಬದ ದಿನವೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಈ ಅಳತೆಗೋಲಿನಿಂದ ನೋಡಿದಾಗ ಕೆಲವು ಕಥೆಗಳು ನಿಲ್ಲುತ್ತವೆ, ಕೆಲವು ಕುಂದುತ್ತವೆ. ಫಿಲಿಪ್ ಪುಲ್‌ಮನ್ನರ ‘ಹಿಸ್ ಡಾರ್ಕ್ ಮಟೀರಿಯಲ್ಸ್’ನಂತಹ, ಧರ್ಮಸಭೆಯನ್ನೇ ವೈರಿಯಾಗಿ ಚಿತ್ರಿಸುವ ಕೃತಿಗಳೂ ಇವೆ, ಅವನ್ನು ಬೆಳೆದ ಯುವಕರೊಡನೆ ಕುಳಿತು ಓದಿ ಚರ್ಚಿಸುವುದು ಉಚಿತ. ಅನ್ಯರ ಸಾಹಿತ್ಯವನ್ನು ಓದುವ ಯುವಕರಿಗೆ ಮಹಾಸಂತ ಬೆಸಿಲರು ನೀಡಿದ ಬುದ್ಧಿವಾದವೂ ಇದೇ. ಜೇನ್ನೊಣವು ಎಲ್ಲ ಹೂವುಗಳಿಗೂ ಹೋಗುವುದಿಲ್ಲ, ಹೋದ ಹೂವಿನಿಂದಲೂ ಎಲ್ಲವನ್ನೂ ಹೊರುವುದಿಲ್ಲ.

ಶುಭ ತಿರುವು

ಈಗ ಭಾಗೀರಥಿಯ ಬಳಿಗೆ ಮರಳೋಣ. ಟೋಲ್ಕಿನ್ನರ ಪ್ರಕಾರ ಉತ್ತಮ ಅದ್ಭುತಕಥೆಯ ಹೃದಯವು ಅದರ ಅನಿರೀಕ್ಷಿತ ಶುಭ ತಿರುವು: ಎಲ್ಲವೂ ಮುಗಿಯಿತೆಂಬಲ್ಲಿ, ಯಾರ ಸಾಮರ್ಥ್ಯದಿಂದಲೂ ಅಲ್ಲದೆ, ಕೃಪೆಯಂತೆ ಬಂದೊದಗುವ ಆನಂದ. ಅದಕ್ಕೆ ಅವರಿಟ್ಟ ಹೆಸರು ‘ಯೂಕಟಾಸ್ಟ್ರಫಿ’. ಮನುಕುಲದ ಚರಿತ್ರೆಯಲ್ಲಿ ಕ್ರಿಸ್ತಜನನವೂ, ಮನುಷ್ಯಾವತಾರದ ಚರಿತ್ರೆಯಲ್ಲಿ ಪುನರುತ್ಥಾನವೂ ಅಂತಹ ತಿರುವುಗಳೆಂದು ಅವರು ವಿವರಿಸಿದರು. ಕಥೆಗಳು ಹಂಬಲಿಸಿದ್ದು ಇಲ್ಲಿ ನಡೆದುಹೋಯಿತು.

‘ಕೆರೆಗೆ ಹಾರ’ದಲ್ಲಿ ಈ ತಿರುವು ಇಲ್ಲ. ಹುಡುಗಿಯ ಪ್ರಶ್ನೆಗೆ ಹಾಡಿನ ಉತ್ತರ: ಇಲ್ಲ, ಯಾರೂ ತಡೆಯಲಿಲ್ಲ. ಹಿರಿಯ ಸೊಸೆಯರನ್ನು ಬಿಟ್ಟು ಕಿರಿಯವಳನ್ನು ಆರಿಸುವ ಲೆಕ್ಕಾಚಾರ ಮನೆಯೊಳಗೇ ನಡೆಯುತ್ತದೆ. ಗಂಡ ದಂಡಿನಲ್ಲಿದ್ದಾನೆ. ತವರಿನಲ್ಲಿ ಅವಳು ನಿಜವನ್ನು ಹೇಳಿಕೊಳ್ಳಲಾರಳು. ಹೇಳಿಕೊಂಡ ಗೆಳತಿಯೂ ಹೊಂದಿಕೊಂಡು ಹೋಗೆನ್ನುತ್ತಾಳೆ. ಒಬ್ಬಳು ಸತ್ತು ಊರು ಉಳಿಯುವುದು ಲೇಸೆಂಬ ಈ ತರ್ಕವನ್ನು ನಾವು ಬೇರೆ ಕಡೆ ಕೇಳಿದ್ದೇವೆ. ಯೊವಾನ್ನನ ಶುಭಸಂದೇಶದ 11ನೆಯ ಅಧ್ಯಾಯದಲ್ಲಿ ಅದು ಕಾಯಫನ ತರ್ಕ. ನಾವು ಅಂದು ಮಾಡಿದ ತಪ್ಪು ಇದು: ಭಾಗೀರಥಿಯನ್ನು ಕ್ರಿಸ್ತರಿಗೆ ಹೋಲಿಸುವ ಆತುರದಲ್ಲಿ, ಅವಳನ್ನು ಕೆರೆಗೆ ಕಳಿಸಿದವರ ಸ್ಥಾನದಲ್ಲಿ ನಮಗರಿವಿಲ್ಲದೆ ತಂದೆಯಾದ ದೇವರನ್ನು ಕೂರಿಸಿದೆವು. ಆ ಮಗುವಿನ ವಿಶ್ವಾಸಕ್ಕೆ ಇದಕ್ಕಿಂತ ದೊಡ್ಡ ಅಪಾಯ ಯಾವ ಮಂತ್ರದಂಡದಿಂದಲೂ ಇರಲಿಲ್ಲ.

ಸಿ. ಎಸ್. ಲೂಯಿಸರ ‘ನಾರ್ನಿಯಾ’ ಮಾಲೆಯ ಮೊದಲು ಪ್ರಕಟವಾದ ಕೃತಿಯನ್ನು (1950) ಇದರ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ದ್ರೋಹ ಬಗೆದ ಬಾಲಕ ಎಡ್ಮಂಡನ ಬದಲಿಗೆ ಸಿಂಹರಾಜ ಅಸ್ಲಾನ್ ಸ್ವಂತ ಇಚ್ಛೆಯಿಂದ ಕಲ್ಲಿನ ಮೇಜಿನ ಮೇಲೆ ಸಾಯುತ್ತಾನೆ. ಬೆಳಗಿನಲ್ಲಿ ಅವನು ಎದ್ದುಬರುತ್ತಾನೆ. ಬಲಿಯ ಮೇಜು ಎರಡಾಗಿ ಸೀಳುತ್ತದೆ. ಕಥೆಯ ಒಳನೋಟವು ಆ ಸೀಳಿನಲ್ಲಿದೆ. ಕ್ರಿಸ್ತರು ತಮ್ಮ ಪ್ರಾಣವನ್ನು ತಾವಾಗಿಯೇ ಅರ್ಪಿಸಿದರು. ಅವರನ್ನು ಅರ್ಪಿಸಿದ ತಂದೆಯ ಪ್ರೀತಿಯೂ ಅವರ ಸ್ವಂತ ಪ್ರೀತಿಯೂ ಒಂದೇ. ಕೊಲ್ಲುವ ಲೆಕ್ಕಾಚಾರ ಮಾತ್ರ ಮನುಷ್ಯರದು. ಆ ಲೆಕ್ಕಾಚಾರಕ್ಕೆ ಊರಿನಲ್ಲಿ ಯಾರೂ ಹೇಳದ ‘ಬೇಡ’ವನ್ನು ದೇವರು ಮೂರನೆಯ ದಿನ ಹೇಳಿದರು. ಇದೇ ನಾವು ಆ ಹುಡುಗಿಗೆ ಕೊಡಬೇಕಾಗಿದ್ದ ಉತ್ತರ.

ಹಾಗೆಂದು ಜಾನಪದ ಹಾಡನ್ನು ಕೀಳೆನ್ನಲಾಗದು. ಅದು ಬಲಿಪಶುವಿನ ಹೆಸರನ್ನು ಮರೆಯಲಿಲ್ಲ. ಹಿಂದಿರುಗಿದ ಗಂಡ ಅದೇ ಕೆರೆಗೆ ಹಾರುವುದರೊಂದಿಗೆ ಮುಗಿದು, ತುಂಬಿದ ಕೆರೆಯನ್ನು ಸಂಭ್ರಮಿಸಲು ನಿರಾಕರಿಸುತ್ತದೆ. ಗೋವಿನ ಹಾಡಿನ ಹುಲಿಯಲ್ಲಿ ಪಶ್ಚಾತ್ತಾಪವಿದೆ, ಆದರೆ ಅದನ್ನು ಬರಮಾಡಿಕೊಳ್ಳುವ ಕ್ಷಮೆಯಿಲ್ಲದೆ ಅದು ಪ್ರಾಣಬಿಡುತ್ತದೆ. ಈ ನೋವುಗಳು ಶುಭಸಂದೇಶಕ್ಕಾಗಿ ತೆರೆದ ಬಾಯಿಗಳು. ಸಂತ ಜಸ್ಟಿನರೂ, 1965ರ ‘ಆದ್ ಜೆಂತೆಸ್’ ಆಜ್ಞಾಪತ್ರವೂ ಹೇಳುವ ವಾಕ್ಯದ ಬೀಜಗಳನ್ನು ನಾವು ಇಂತಹ ಕಡೆ ಹುಡುಕಬೇಕು.

ಕಥೆ ಹೇಳುವವರಿಗೆ

ಲೂಯಿಸರು 1956ರ ಪ್ರಬಂಧವೊಂದರಲ್ಲಿ ತಮ್ಮ ಬಾಲ್ಯವನ್ನು ನೆನೆಯುತ್ತಾರೆ. ಕ್ರಿಸ್ತರ ಯಾತನೆಯ ಬಗ್ಗೆ ಇಂತಹ ಭಾವನೆ ಬರಲೇಬೇಕೆಂಬ ಕಟ್ಟಳೆಯೇ ಭಾವನೆಯನ್ನು ಹೆಪ್ಪುಗಟ್ಟಿಸುತ್ತಿತ್ತು. ಕಥೆಯು ಆ ಕಾವಲನ್ನು ದಾಟಿ ಒಳಗೆ ಹೋಗಬಲ್ಲದು. ನಾವು ಕಥೆಯ ಕೊನೆಗೆ ನೀತಿಯನ್ನು ಅಂಟಿಸಿದಾಗ ಕಾವಲನ್ನು ಮತ್ತೆ ಎಬ್ಬಿಸುತ್ತೇವೆ. ಕಥೆಯನ್ನು ಪೂರ್ತಿ ಹೇಳಬೇಕು, ಸುಮ್ಮನಾಗಬೇಕು, ಮಗುವಿನ ಪ್ರಶ್ನೆಗೆ ಕಾಯಬೇಕು; ಆಮೇಲೆ ಶುಭಸಂದೇಶವನ್ನು ತೆರೆಯಬೇಕು.

ಇದಕ್ಕೆ ಗುರುಗಳೇ ಓದುಗರಾಗಿರಬೇಕು. 2024ರ ಜುಲೈ 17ರಂದು ಪೋಪ್ ಫ್ರಾನ್ಸಿಸರು ಸಾಹಿತ್ಯದ ಕುರಿತು ಬರೆದ ಪತ್ರವು ಗುರು ಅಭ್ಯರ್ಥಿಗಳ ತರಬೇತಿಯನ್ನೇ ಮೊದಲು ಮನಸ್ಸಿನಲ್ಲಿಟ್ಟುಕೊಂಡಿತ್ತು. ಸಾಹಿತ್ಯವು ಬಿಡುವಿನ ಮನರಂಜನೆಯಲ್ಲ, ಇತರರ ಹೃದಯವನ್ನು ಆಲಿಸುವ ಅಭ್ಯಾಸವೆಂದು ಅದು ಕಲಿಸುತ್ತದೆ. ಕನ್ನಡ ಕ್ರೈಸ್ತರಿಗೆ ಈ ದಾರಿ ಹೊಸದಲ್ಲ. ಬನ್ಯನನ ರೂಪಕಕಥೆಯನ್ನು ಬಾಸೆಲ್ ಮಿಷನ್ನಿನವರು 19ನೆಯ ಶತಮಾನದಲ್ಲಿಯೇ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ತಂದರು. ನಮ್ಮ ನೆರೆಯ ಸಾಗರದ ನಾ. ಡಿಸೋಜ ಅವರು ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆದರು. ಶರಾವತಿಯ ನೀರಿನಲ್ಲಿ ಮುಳುಗಿದವರ ನೋವನ್ನು ಜೀವನವಿಡೀ ಬರೆದ ಈ ಕಥೋಲಿಕ ಲೇಖಕರು 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಅವರು ಬಿಟ್ಟುಹೋದ ಆಸನದಲ್ಲಿ ಕೂರಬಲ್ಲವರು ನಮ್ಮ ಗುರುಮಠದ ಬೆಂಚುಗಳಲ್ಲಿಯೂ ಇರಬಹುದು.

ಆ ಹುಡುಗಿ ಈಗ ದೊಡ್ಡವಳಾಗಿರಬೇಕು. ನಮ್ಮ ಉತ್ತರವು ಅವಳಿಗೆ ತಲುಪಲಿಲ್ಲ. ಬರುವ ತಪಸ್ಸುಕಾಲದಲ್ಲಿ ಚನ್ನಗಿರಿಯ ಕೆರೆಯಂಚಿನಲ್ಲೋ ಹೊನ್ನಾಳಿಯ ಹೊಳೆಯ ಬದಿಯಲ್ಲೋ ಇನ್ನೊಂದು ಮಗು ಅದೇ ಪ್ರಶ್ನೆಯನ್ನು ಕೇಳೀತು. ಆಗ ಉತ್ತರಿಸಬೇಕಾದವರು ಇದನ್ನು ಓದುತ್ತಿರುವ ತಾವು.