ಕುವೈತಿನ ನೆತ್ತಿಯ ಮೇಲೊಂದು ಒಡಕು ಬಟ್ಟಲು

ಜುಲೈ ಮೊದಲ ವಾರ, ರಾತ್ರಿ ಒಂಬತ್ತರ ಹೊತ್ತಿಗೆ ಕುವೈತಿನಲ್ಲಿ ತಾರಸಿ ಹತ್ತಿ ಕತ್ತೆತ್ತಿ. ಧೂಳು ಕೃಪೆ ಮಾಡಿದ್ದರೆ ಸರಿಯಾಗಿ ನೆತ್ತಿಯ ಮೇಲೆ ಮುರಿದ ಬಳೆಯಂಥ ನಕ್ಷತ್ರಗಳ ಸಾಲು ಕಾಣುತ್ತದೆ. ನಮ್ಮ ಪುಸ್ತಕಗಳಲ್ಲಿ ಅದು ಉತ್ತರ ಕಿರೀಟ. ಅರಬರು ಅದನ್ನು 'ಅಲ್ ಫಕ್ಕ' ಎಂದರು. ಬಡವರ ಬಟ್ಟಲು ಎಂಬ ಹೆಸರೂ ಉಂಟು. ಒಂದು ಕಡೆ ಬಾಯೊಡೆದ ಆಕಾರಕ್ಕೆ ಕಿರೀಟಕ್ಕಿಂತ ಬಟ್ಟಲೇ ಒಪ್ಪುತ್ತದೆ.

ಬಟ್ಟಲಿನ ಅಂಚಿನಾಚೆ, ಬರಿಗಣ್ಣಿಗೆ ಕಾಣದಂತೆ ಒಂದು ಜೋಡಿಯಿದೆ: ಟಿ ಕೊರೋನಾ ಬೋರಿಯಾಲಿಸ್. ಉಬ್ಬಿದ ಕೆಂಪು ದೈತ್ಯ ಮತ್ತು ಭೂಮಿಯಷ್ಟೇ ಗಾತ್ರದ ಶ್ವೇತಕುಬ್ಜ ಒಂದನ್ನೊಂದು 227 ದಿನಕ್ಕೊಮ್ಮೆ ಸುತ್ತುತ್ತವೆ. ದೈತ್ಯನ ಜಲಜನಕ ಕುಬ್ಜದ ಮೇಲೆ ಸುರಿದು, ಪದರಗಟ್ಟಿ, ಒಂದು ದಿನ ಹೊತ್ತಿಕೊಳ್ಳುತ್ತದೆ. 1866ರಲ್ಲಿ ಹೊತ್ತಿತ್ತು, 1946ರಲ್ಲಿ ಮತ್ತೆ.

ಇಂಥ ಸಿಡಿತದ ಹೊಗೆ ಚದುರಿದ ಮೇಲೂ ಕುಬ್ಜದ ಮೈ ಲಕ್ಷಾಂತರ ಡಿಗ್ರಿಯಲ್ಲಿ ಉರಿಯುತ್ತಿರುತ್ತದೆ. ಆಗ ಹೊಮ್ಮುವುದೇ ಕಡಿಮೆ ಶಕ್ತಿಯ, 'ಮೃದು' ಕ್ಷ-ಕಿರಣ. ಅದು ಎಷ್ಟು ಮೃದುವೆಂದರೆ ನಮ್ಮ ಗಾಳಿಯನ್ನೇ ದಾಟಲಾರದು. ಕುವೈತಿಗರ ಕ್ಯಾಲೆಂಡರಿಗೆ ಹೆಸರು ಕೊಟ್ಟ ಖಗೋಳಜ್ಞ ಸಾಲಿಹ್ ಅಲ್ ಉಜೈರಿ 101 ವರ್ಷ ಬಾಳಿದರು. ಅವರ ಹೆಸರಿನ ವೀಕ್ಷಣಾಲಯಕ್ಕೂ ಈ ಬೆಳಕು ಸಿಕ್ಕುವಂಥದ್ದಲ್ಲ.

ಅದಕ್ಕೇ ಕಣ್ಣನ್ನೇ ಮೇಲಕ್ಕೆ ಕಳಿಸಬೇಕು. ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಜೋಡಿಸಿದ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ 650 ಕಿಲೋಮೀಟರ್ ಎತ್ತರಕ್ಕೆ ಏರಿತು. ಅದರಲ್ಲಿನ ಮೃದು ಕ್ಷ-ಕಿರಣ ದೂರದರ್ಶಕ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೈಕೆಲಸ. ಕ್ಯಾಮೆರಾಕ್ಕೆ ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯ ಕೈಜೋಡಿಸಿತು. ಕ್ಷ-ಕಿರಣ ಕನ್ನಡಿಗೆ ನೇರ ಬಿದ್ದರೆ ಒಳಗೇ ಇಂಗುತ್ತದೆ. ಕೆರೆಯ ನೀರಿನ ಮೇಲೆ ಓರೆಯಾಗಿ ಬೀಸಿದ ಬಿಲ್ಲೆಕಲ್ಲಿನಂತೆ ಸವರಿಕೊಂಡು ಹೋದರೆ ಮಾತ್ರ ಚಿಮ್ಮುತ್ತದೆ. ಹಾಗಾಗಿ ಇಲ್ಲಿ ಕನ್ನಡಿಯೆಂದರೆ ಚಿನ್ನ ಲೇಪಿಸಿದ ತೆಳು ಅಲ್ಯುಮಿನಿಯಂ ಹಾಳೆಗಳು: ಒಂದರೊಳಗೊಂದು 40 ಸುತ್ತು, ಒಟ್ಟು 320 ತುಂಡು. ಅಷ್ಟನ್ನೂ ಸರಿಹೊಂದಿಸಿ ಕೂರಿಸಿದವರ ತಾಳ್ಮೆಯನ್ನು ಯಾವ ಅಕ್ಕಸಾಲಿಗನಾದರೂ ಮೆಚ್ಚಬೇಕು.

2019ರ ಆಗಸ್ಟ್ ಕೊನೆಗೆ ಧನು ರಾಶಿಯಲ್ಲಿ ಇಂಥದೇ ಇನ್ನೊಂದು ಜೋಡಿ ಸಿಡಿಯಿತು. ಹೆಸರು ವಿ3890, ಹಿಂದೆ 1962, 1990ರಲ್ಲೂ ಸಿಡಿದಿತ್ತು. ಆಸ್ಟ್ರೋಸ್ಯಾಟನ್ನು ಅತ್ತ ತಿರುಗಿಸಿದರು. ಸಿಡಿದು ಎಂಟೂವರೆ ದಿನ ಕಳೆಯುವ ಹೊತ್ತಿಗೆ ಮೃದು ಕಿರಣ ಕಾಣಿಸಿತು. ಸ್ಥಿರವಾಗಿ ಅಲ್ಲ, ಹಸಿ ಸೌದೆಯ ಒಲೆಯಂತೆ ಏರುತ್ತ ಇಳಿಯುತ್ತ. ಸುಮಾರು 98 ನಿಮಿಷಕ್ಕೊಮ್ಮೆ ಭೂಮಿ ಸುತ್ತುವ ಉಪಗ್ರಹ ಆ ಏರಿಳಿತವನ್ನು ಕಂತುಕಂತಾಗಿ ಬೆಂಗಳೂರಿನ ಬಳಿಯ ಬ್ಯಾಲಾಳಿನ ಇಸ್ರೋ ನೆಲಕೇಂದ್ರಕ್ಕೆ ಇಳಿಸಿತು.

ಒಡಕು ಬಟ್ಟಲಿನ ಜೋಡಿಗೆ ಆ ಭಾಗ್ಯ 1946ರಲ್ಲಿ ಇರಲಿಲ್ಲ. ಗಾಳಿಯ ಆಚೆಯಿಂದ ಅದನ್ನು ನೋಡಬಲ್ಲ ಒಂದು ಕಣ್ಣೂ ಆಗ ಇರಲಿಲ್ಲ.