ಚೆಂಡಿನ ಹಿಂದೆ ಓಡುವ ಅಪ್ಪ

ಫುಟ್‌ಬಾಲ್ ಆಟ ನಮಗೆ ಹೊಸದಲ್ಲ. ಶಾಲೆಯ ಬಯಲಲ್ಲಿ ಮಕ್ಕಳು ಚೆಂಡು ಒದೆಯುವುದನ್ನು ನಾವೆಲ್ಲ ನೋಡಿದ್ದೇವೆ. ಕೊಯ್ಲು ಮುಗಿದ ಗದ್ದೆಯಲ್ಲೂ ನೋಡಿದ್ದೇವೆ. ಚೆಂಡು ಇಲ್ಲವೇ? ಹಳೇ ಬಟ್ಟೆ ಉಂಡೆ ಮಾಡಿ ದಾರ ಸುತ್ತಿದರೂ ಆಯಿತು. ಎರಡು ಕಲ್ಲು ಇಟ್ಟರೆ ಗೋಲು. ಇಷ್ಟು ಕಡಿಮೆ ಖರ್ಚಿನ ಆಟ ಬೇರೆ ಯಾವುದಿದೆ ಹೇಳಿ!

ಆದರೆ ಇದು ಹುಡುಗರ ಆಟ ಅಂತ ನಮ್ಮ ಎಣಿಕೆ. ಮದುವೆಯಾಯ್ತು, ಮಗುವಾಯ್ತು, ಇನ್ನೇನು ಓಡೋದು ಅಂತ ಜಗಲಿಕಟ್ಟೆ ಹಿಡಿದುಬಿಡುತ್ತೇವೆ. ಈ ಪಾಠದಲ್ಲಿ ನಾವು ಒಬ್ಬ ಅಪ್ಪನ ವಿಷಯ ತಿಳಿಯೋಣ. ಮನೆಯಲ್ಲಿ ಪುಟ್ಟ ಮಗನಿದ್ದರೂ, 40 ವರ್ಷ ದಾಟಿದರೂ, ಇಪ್ಪತ್ತರ ಹುಡುಗರ ಜೊತೆ ಓಡಿ ಗೋಲು ಹೊಡೆದವರು ಇವರು. ಹೊಡೆದದ್ದೂ ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ. ಅವರ ಹೆಸರು ಸುನಿಲ್ ಛೆಟ್ರಿ.

ಛೆಟ್ರಿ ಕನ್ನಡದವರಲ್ಲ. 1984ರ ಆಗಸ್ಟ್ 3ರಂದು ಸಿಕಂದರಾಬಾದಿನಲ್ಲಿ ಹುಟ್ಟಿದರು. ತಂದೆ ಸೈನ್ಯದಲ್ಲಿದ್ದರು. ಸೈನ್ಯದ ತಂಡಕ್ಕೆ ಫುಟ್‌ಬಾಲ್ ಆಡುತ್ತಿದ್ದರು. ಅಪ್ಪ ಆಡುತ್ತಿದ್ದರು, ಮಗನೂ ಆಡಿದ, ಅದರಲ್ಲೇನು ವಿಶೇಷ ಅಂತೀರಾ? ತಾಯಿ ಸುಶೀಲಾ ಅವರ ವಿಷಯ ಕೇಳಿ. ಅವರೂ ಅವರ ಅವಳಿ ಸಹೋದರಿಯೂ ನೇಪಾಳ ದೇಶದ ಹೆಂಗಸರ ಫುಟ್‌ಬಾಲ್ ತಂಡದಲ್ಲಿ ಆಡಿದವರು! ಹೆಣ್ಣುಮಕ್ಕಳಿಗೆ ಆಟ ಯಾಕೆ ಅನ್ನುವ ಮನೆಗಳು ಇವತ್ತಿಗೂ ಇವೆ. ಅಂಥವರಿಗೆ ಈ ಮಾತು ಹೇಳಬಹುದು.

ತಂದೆಗೆ ಎಲ್ಲಿ ವರ್ಗವಾದರೆ ಅಲ್ಲಿಗೆ ಸಂಸಾರ ಹೋಗುತ್ತಿತ್ತು. ಹುಡುಗ ಊರೂರಿನ ಶಾಲೆಯಲ್ಲಿ ಓದಿದ. ದಿಲ್ಲಿಯಲ್ಲಿ ಆಡಿದ. 2002ರಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ಕ್ಲಬ್ಬಿಗೆ ಸೇರಿದ. 2005ರ ಜೂನ್ 12ರಂದು ಪಾಕಿಸ್ತಾನದ ಕ್ವೆಟ್ಟಾದಲ್ಲಿ ಭಾರತಕ್ಕಾಗಿ ಮೊದಲ ಪಂದ್ಯ. ಮೊದಲ ಪಂದ್ಯದಲ್ಲೇ ಗೋಲು.

2013ರಲ್ಲಿ ಬೆಂಗಳೂರು ಎಫ್‌ಸಿ ಅನ್ನುವ ಕ್ಲಬ್ ಶುರುವಾಯಿತು. ಛೆಟ್ರಿ ಅದರ ನಾಯಕರಾದರು. ಅಂದಿನಿಂದ ಬೆಂಗಳೂರೇ ಅವರ ಊರಾಯಿತು. ಫುಟ್‌ಬಾಲಿಗೆ ಈ ಊರು ಹಳೇ ಮನೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಫ್ರಾನ್ಸ್ ವಿರುದ್ಧ 1-2ರಿಂದ ಸೋತರು. ಆ ಒಂದು ಗೋಲು ಹೊಡೆದ ರಾಮನ್ ಬೆಂಗಳೂರಿನವರು. ಹಲಸೂರಿನ ಹತ್ತಿರ ಗೌತಮಪುರ ಅಂತ ಒಂದು ಬಡಾವಣೆ ಇದೆ. ಅಲ್ಲಿಯ ಜನ ಬ್ರೆಜಿಲ್ ದೇಶದ ಆಟಗಾರ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಅಷ್ಟು ಪ್ರೀತಿ!

ಈಗ ಮೈಯ ವಿಷಯಕ್ಕೆ ಬರೋಣ. ಫುಟ್‌ಬಾಲ್ ಪಂದ್ಯ 90 ನಿಮಿಷ ನಡೆಯುತ್ತದೆ. 45 ನಿಮಿಷಕ್ಕೊಮ್ಮೆ ವಿರಾಮ. ದೊಡ್ಡ ಪಂದ್ಯದ ಮೈದಾನ ಸುಮಾರು 105 ಮೀಟರ್ ಉದ್ದ, 68 ಮೀಟರ್ ಅಗಲ. ಒಬ್ಬ ಆಟಗಾರ ಒಂದು ಪಂದ್ಯದಲ್ಲಿ ಹತ್ತು ಕಿಲೋಮೀಟರಿನಷ್ಟು ದೂರ ಕ್ರಮಿಸುತ್ತಾನೆ. ಅದೂ ಒಂದೇ ಸಮನೆ ಅಲ್ಲ. ನಡೆಯಬೇಕು, ಓಡಬೇಕು, ತಟ್ಟನೆ ನಿಲ್ಲಬೇಕು, ತಿರುಗಬೇಕು, ಎಗರಬೇಕು. ಛೆಟ್ರಿ ಎತ್ತರದ ಆಳಲ್ಲ. ಆದರೂ ತಲೆಯಿಂದ ಗೋಲು ಹೊಡೆಯುವುದರಲ್ಲಿ ಹೆಸರುವಾಸಿ. ಯಾವಾಗ ಎಗರಬೇಕು ಅನ್ನುವ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತು.

ಹೀಗೆ ಓಡಲು ಗುಂಡಿಗೆ ಗಟ್ಟಿ ಇರಬೇಕು. ಗುಂಡಿಗೆ ಒಂದು ಪಂಪ್‌ಸೆಟ್ ಇದ್ದ ಹಾಗೆ. ದಿನಾ ಓಡಾಡುವವರ ಗುಂಡಿಗೆ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ. ಹಾಗಾಗಿ ಸುಮ್ಮನೆ ಕೂತಾಗ ಕಡಿಮೆ ಸಲ ಬಡಿದರೂ ಸಾಕು. ಇದನ್ನು ನೀವೇ ನೋಡಬಹುದು. ಐದು ನಿಮಿಷ ಆರಾಮಾಗಿ ಕೂತುಕೊಳ್ಳಿ. ಹೆಬ್ಬೆರಳಿನ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಿ. ನಾಡಿ ಸಿಗುತ್ತದೆ. ಗಡಿಯಾರ ನೋಡಿಕೊಂಡು 30 ಸೆಕೆಂಡು ಎಣಿಸಿ. ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ. ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಬಡಿತ ಸಾಮಾನ್ಯ. ಚೆನ್ನಾಗಿ ಪಳಗಿದ ಓಟಗಾರರಿಗೆ 60ಕ್ಕಿಂತ ಕಡಿಮೆ ಇರುವುದೂ ಉಂಟು.

ಊಟದಲ್ಲಿ ಛೆಟ್ರಿ ತುಂಬಾ ಕಟ್ಟುನಿಟ್ಟು. ಸಿಹಿ, ಕರಿದ ತಿಂಡಿ ದೂರ ಇಟ್ಟರು. ಮಾಂಸ, ಹಾಲು ಬಿಟ್ಟು ಕಾಳು, ತರಕಾರಿ, ಸೊಪ್ಪಿನ ಊಟಕ್ಕೆ ಬಂದರು. ಹೊತ್ತಿಗೆ ಸರಿಯಾಗಿ ಮಲಗುವುದನ್ನೂ ರೂಢಿ ಮಾಡಿಕೊಂಡರು. ಎಲ್ಲರೂ ಹಾಗೇ ಮಾಡಬೇಕು ಅಂತ ನಾವು ಹೇಳುವುದಿಲ್ಲ. ಮಾಂಸ, ಮೊಟ್ಟೆ, ಹಾಲು ತಿನ್ನುವ ಗಟ್ಟಿಮುಟ್ಟಾದ ಆಟಗಾರರೂ ಬೇಕಾದಷ್ಟಿದ್ದಾರೆ. ರಾಗಿ ಮುದ್ದೆ, ಹುರುಳಿ ಸಾರು, ಸೊಪ್ಪಿನ ಪಲ್ಯ ನಮ್ಮ ಮನೆಯಲ್ಲೇ ಇದೆಯಲ್ಲ. ಕಷ್ಟ ಇರೋದು ಊಟದಲ್ಲಲ್ಲ, ಬಾಯಿ ಕಟ್ಟೋದರಲ್ಲಿ. ಒಂದು ದಿನ ಬಾಯಿ ಕಟ್ಟೋದು ಸುಲಭ. ಇಪ್ಪತ್ತು ವರ್ಷ ಕಟ್ಟಬೇಕು ಅಂದರೆ?

ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಅಷ್ಟಾಗಿ ಬೇಕಾಗದು. ಆದರೆ ಹೊಲಿಗೆ ಮಿಷಿನ್ ಮುಂದೆ, ಅಂಗಡಿ ಗಲ್ಲಾದಲ್ಲಿ, ಆಟೋದಲ್ಲಿ ದಿನವಿಡೀ ಕೂರುವವರಿಗೆ ಬೇಕು. ದೊಡ್ಡವರು ವಾರಕ್ಕೆ 150 ನಿಮಿಷವಾದರೂ ಮೈ ಬಿಸಿಯಾಗುವಂತೆ ನಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಸಂಜೆ ಮಕ್ಕಳ ಜೊತೆ ಚೆಂಡು ಒದ್ದರೂ ಲೆಕ್ಕಕ್ಕೆ ಬರುತ್ತದೆ. ಮೊದಲು ನಿಧಾನವಾಗಿ ನಡೆದು ಮೈ ಬಿಸಿ ಮಾಡಿಕೊಳ್ಳಿ. ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರು ಡಾಕ್ಟರನ್ನು ಕೇಳಿಯೇ ಓಡಿ. ಆಡುವಾಗ ಎದೆನೋವು ಬಂದರೆ, ತಲೆ ತಿರುಗಿದರೆ, ಕೂಡಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಇದರಲ್ಲಿ ಪೌರುಷ ತೋರಿಸಬೇಡಿ.

ಛೆಟ್ರಿಯವರ ಮದುವೆ 2017ರಲ್ಲಿ ಆಯಿತು. ಹೆಂಡತಿ ಕೋಲ್ಕತ್ತದವರು. ಮೋಹನ್ ಬಗಾನ್‌ನ ಹೆಸರಾಂತ ಆಟಗಾರ ಸುಬ್ರತೋ ಭಟ್ಟಾಚಾರ್ಯ ಅವರ ಮಗಳು. ಮಾವನ ಮನೆಯಲ್ಲೂ ಫುಟ್‌ಬಾಲೇ ನೋಡಿ! 2023ರ ಜೂನ್‌ನಲ್ಲಿ ಭುವನೇಶ್ವರದಲ್ಲಿ ಒಂದು ಪಂದ್ಯ. ಛೆಟ್ರಿ ಗೋಲು ಹೊಡೆದರು. ಚೆಂಡನ್ನು ಎತ್ತಿ ಅಂಗಿಯೊಳಗೆ ಇಟ್ಟುಕೊಂಡರು. ಹೊಟ್ಟೆ ಉಬ್ಬಿತು. ಹೆಂಡತಿ ಬಸುರಿ ಅನ್ನುವ ಸುದ್ದಿಯನ್ನು ಊರಿಗೆಲ್ಲ ಹೇಳಿದ್ದು ಹೀಗೆ.

ಆಗಸ್ಟ್ 30ರಂದು ಗಂಡುಮಗು ಹುಟ್ಟಿತು. ಸೆಪ್ಟೆಂಬರ್ ಮೊದಲಲ್ಲೇ ಥಾಯ್ಲೆಂಡಿನಲ್ಲಿ ಭಾರತಕ್ಕೆ ಪಂದ್ಯಗಳಿದ್ದವು. ಛೆಟ್ರಿ ಹೋಗಲಿಲ್ಲ. ದೇಶದ ನಾಯಕರೇ ಹೆಂಡತಿ, ಮಗುವಿನ ಹತ್ತಿರ ಉಳಿದರು. ಇದು ನಮಗೆ ತುಂಬಾ ಹಿಡಿಸಿದ ಸಂಗತಿ. ಬಾಣಂತನ ಹೆಂಗಸರ ಕೆಲಸ ಅಂತ ಗಂಡಸರು ಹೊರಗೆ ಓಡಾಡಿಕೊಂಡಿರೋದು ನಮ್ಮಲ್ಲಿ ರೂಢಿ. ಆದರೆ ಅದೇ ತಿಂಗಳು ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಕ್ರೀಡಾಕೂಟ ಬಂತು. ಅನೇಕ ಕ್ಲಬ್ಬುಗಳು ತಮ್ಮ ಆಟಗಾರರನ್ನು ಬಿಟ್ಟುಕೊಡಲಿಲ್ಲ. ತಂಡ ಸೊರಗಿತ್ತು. ಆಗ ಛೆಟ್ರಿ ಹೊರಟರು. ಮಗುವಿಗೆ ಇನ್ನೂ ಮೂರು ವಾರ. ಅಲ್ಲಿ ಬಾಂಗ್ಲಾದೇಶದ ವಿರುದ್ಧ ಭಾರತ ಗೆದ್ದದ್ದು ಅವರ ಒಂದೇ ಒಂದು ಗೋಲಿನಿಂದ. ಒಂದು ಸಲ ಮನೆ, ಒಂದು ಸಲ ತಂಡ. ಎರಡೂ ಸಲ ಏನನ್ನೋ ಬಿಟ್ಟೇ ಹೋಗಬೇಕಾಯಿತು.

ಇನ್ನು ಸುದ್ದಿಯ ಮಾತು. ಆಟ ಆಡಿದರೆ ಸಾಲದು. ನೋಡುವವರು ಬೇಕು. ನೋಡುವವರು ಇಲ್ಲದಿದ್ದರೆ ಟಿಕೆಟ್ ಹಣವಿಲ್ಲ, ಟೀವಿಯವರು ಬರುವುದಿಲ್ಲ, ಹುಡುಗರಿಗೆ ತರಬೇತಿ ಸಿಗುವುದಿಲ್ಲ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆ ತಂಡವನ್ನು 5-0ರಿಂದ ಸೋಲಿಸಿತು. ಛೆಟ್ರಿ ಒಬ್ಬರದೇ ಮೂರು ಗೋಲು. ನೋಡಲು ಬಂದವರು ಎರಡೂವರೆ ಸಾವಿರದಷ್ಟು ಜನ ಮಾತ್ರ. ದೇಶದ ತಂಡ ಆಡುತ್ತಿದೆ, ಕುರ್ಚಿಗಳು ಖಾಲಿ.

ಮಾರನೆಯ ದಿನ ಛೆಟ್ರಿ ಒಂದು ಕೆಲಸ ಮಾಡಿದರು. ಕ್ಯಾಮೆರಾ ಮುಂದೆ ನಿಂತು ಮಾತಾಡಿ, ಆ ವಿಡಿಯೋವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ನಮ್ಮನ್ನು ಬೈಯಿರಿ, ಟೀಕೆ ಮಾಡಿ, ಪರವಾಗಿಲ್ಲ, ಆದರೆ ಮೈದಾನಕ್ಕೆ ಬಂದು ನೋಡಿ ಬೈಯಿರಿ ಅನ್ನುವುದು ಅವರ ಮಾತಿನ ಸಾರ. ಕೈ ಮುಗಿದು ಕೇಳಿದ ಹಾಗಿತ್ತು. ಹಿಂದೆ ಆಟಗಾರನ ಮಾತು ಜನರಿಗೆ ಮುಟ್ಟಬೇಕಾದರೆ ಪತ್ರಿಕೆ, ರೇಡಿಯೋ, ಟೀವಿ ಬೇಕಿತ್ತು. ನಡುವೆ ನಿಂತು ಸುದ್ದಿ ಮುಟ್ಟಿಸುವುದರಿಂದಲೇ ಅವಕ್ಕೆ ಮಾಧ್ಯಮ ಅನ್ನುತ್ತೇವೆ. ಈ ಸಲ ಮಾತು ನೇರ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕ್ರಿಕೆಟ್ ಆಟಗಾರ ವಿರಾಟ್ ಕೊಹ್ಲಿ ಕೂಡ ಪಂದ್ಯಕ್ಕೆ ಹೋಗಿ ಅಂತ ಜನರಿಗೆ ಹೇಳಿದರು. ಜೂನ್ 4ರಂದು ಕೀನ್ಯಾ ಜೊತೆ ಪಂದ್ಯ. ಅದು ಛೆಟ್ರಿಯವರ 100ನೇ ಪಂದ್ಯ. ಟಿಕೆಟ್ಟುಗಳೆಲ್ಲ ಮಾರಾಟವಾದವು. ಧಾರಾಕಾರ ಮಳೆ, ಜನ ನೆನೆಯುತ್ತಲೇ ನಿಂತರು. ಭಾರತ 3-0ರಿಂದ ಗೆದ್ದಿತು. ಛೆಟ್ರಿ ಎರಡು ಗೋಲು ಹೊಡೆದರು.

2022ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಅವರ ಬದುಕಿನ ಮೇಲೆ ಮೂರು ಕಂತುಗಳ ಚಿತ್ರ ಮಾಡಿತು. ಆದರೆ ಮನೆಯ ಮಾತು ಹೆಚ್ಚು ಹೊರಬಂದದ್ದು ಅವರೇ ಮಾಡಿದ ಇನ್ನೊಂದು ವಿಡಿಯೋದಲ್ಲಿ. 2024ರ ಮೇ 16ರಂದು, ಭಾರತ ತಂಡದಿಂದ ನಿವೃತ್ತಿಯಾಗುತ್ತೇನೆ ಅಂತ ಅದರಲ್ಲಿ ಹೇಳಿದರು. ಈ ಸುದ್ದಿಯನ್ನು ಮೊದಲು ತಿಳಿಸಿದ್ದು ಅಪ್ಪ, ಅಮ್ಮ, ಹೆಂಡತಿಗೆ. ಅಪ್ಪ ನಿರಾಳವಾಗಿದ್ದರು. ಅಮ್ಮನೂ ಹೆಂಡತಿಯೂ ಅತ್ತುಬಿಟ್ಟರು. ಆಟ ಜಾಸ್ತಿಯಾಯ್ತು, ಒತ್ತಡ ಜಾಸ್ತಿಯಾಯ್ತು ಅಂತ ಪೀಡಿಸುತ್ತಿದ್ದವರು ಇವರೇ ಅಲ್ಲವೇ, ಈಗ ಬಿಡುತ್ತೇನೆ ಅಂದರೆ ಅಳುವುದೇಕೆ ಅಂತ ಅವರಿಗೆ ಅಚ್ಚರಿ. ಅವರಿಬ್ಬರಿಗೂ ಕಾರಣ ಹೇಳಲು ಬರಲಿಲ್ಲವಂತೆ. ಮನೆಯವರು ಹೊತ್ತ ಭಾರ ಗೋಲಿನ ಲೆಕ್ಕದಲ್ಲಿ ಎಲ್ಲಿ ಕಾಣುತ್ತದೆ?

ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಜೊತೆ ಬೀಳ್ಕೊಡುಗೆಯ ಪಂದ್ಯ. ಅರ್ಧ ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಯಾರೂ ಗೋಲು ಹೊಡೆಯಲಿಲ್ಲ. ಛೆಟ್ರಿ ಕಣ್ಣೀರು ಹಾಕುತ್ತಾ ಹೊರಬಂದರು. ಆ ದಿನಕ್ಕೆ ದೇಶಕ್ಕಾಗಿ 151 ಪಂದ್ಯ, 94 ಗೋಲು. ಆಗ ಇನ್ನೂ ಆಡುತ್ತಿದ್ದವರಲ್ಲಿ ದೇಶಕ್ಕಾಗಿ ಇದಕ್ಕಿಂತ ಹೆಚ್ಚು ಹೊಡೆದವರು ರೊನಾಲ್ಡೊ ಮತ್ತು ಮೆಸ್ಸಿ ಇಬ್ಬರೇ.

ದೇಶದ ತಂಡ ಬಿಟ್ಟರೂ ಕ್ಲಬ್ ಬಿಡಲಿಲ್ಲ. 2025ರ ಮಾರ್ಚ್‌ನಲ್ಲಿ ದೇಶದ ತಂಡಕ್ಕೂ ಮತ್ತೆ ಕರೆ ಬಂತು, ಹೋಗಿ ಮಾಲ್ಡೀವ್ಸ್ ವಿರುದ್ಧ 95ನೇ ಗೋಲು ಹೊಡೆದರು. ಅದಕ್ಕೂ ಮೊದಲು, 2024ರ ಡಿಸೆಂಬರ್ 7ರಂದು, ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ಬೆಂಗಳೂರಿನ ಪಂದ್ಯವಿತ್ತು. ಬೆಂಗಳೂರು 4-2ರಿಂದ ಗೆದ್ದಿತು. ಅದರಲ್ಲಿ ಮೂರು ಗೋಲು ಛೆಟ್ರಿಯವರದು. ಅಷ್ಟು ವಯಸ್ಸಿನವರು ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದದ್ದು ಆ ಲೀಗಿನಲ್ಲಿ ಅದೇ ಮೊದಲು. ಆಟ ನಡುವೆ ನಿಂತ ಹೊತ್ತನ್ನು ರೆಫರಿ ಲೆಕ್ಕ ಹಾಕಿ ಕೊನೆಗೆ ಸೇರಿಸುತ್ತಾರೆ. ಮೂರನೇ ಗೋಲು ಬಂದದ್ದು ಆ ಹೊತ್ತಿನಲ್ಲಿ, 90 ನಿಮಿಷ ಓಡಿ ಮುಗಿದ ಮೇಲೆ.